ಕಳೆದುಹೋದ ಕೈಗವಸಿಗೆ ಜೋಡಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಡುಗೆಮನೆಯ ಕಿಟಕಿಗೆ ಒತ್ತಿಕೊಂಡು ನಿಂತ ಹೆಂಗಸಿನ ಎಡಗೈಯಲ್ಲಿ ಹಳೆಯದೊಂದು ಕೈಗವಸು, ಬಲಗೈಯಲ್ಲಿ ಗೇಣುದ್ದದ ಉಲ್ಲನ್ ದಾರ. ಎರಡನ್ನೂ ಅಕ್ಕಪಕ್ಕ ಹಿಡಿದು ಒಂದು ಕಣ್ಣು ಮುಚ್ಚುತ್ತಾರೆ. ಆಮೇಲೆ ಅದನ್ನು ತೆರೆದು ಇನ್ನೊಂದನ್ನು ಮುಚ್ಚುತ್ತಾರೆ. ಒಲೆಯ ಮೇಲೆ ಸ್ಟೀಲ್ ಪಾತ್ರೆಯಲ್ಲಿ ಹಸಿರು ನೀರು ಹಬೆಯಾಡುತ್ತಿದೆ. ಮನೆಯ ತುಂಬ, ಬಣ್ಣ ಕಚ್ಚಲೆಂದು ಹಾಕಿದ ವಿನಿಗರ್ ವಾಸನೆ.

ಲೈಟ್ ಹಾಕಲೇ ಎಂದು ಕೇಳುತ್ತೇನೆ. "ಬೇಡ, ಬೇಡ. ಟ್ಯೂಬ್‌ಲೈಟಲ್ಲಿ ನೋಡಿ ಬಣ್ಣ ಹಾಕಿದ್ರೆ ಹಗಲಲ್ಲಿ ಮರ್ಯಾದೆ ಹೋಗುತ್ತೆ" ಎನ್ನುತ್ತಾರೆ, ದಾರದಿಂದ ಕಣ್ಣು ಕೀಳದೆ.

ಬಡಾವಣೆಗೆಲ್ಲ ಇವರು ಗ್ಲೌಸಮ್ಮ. ಹೆಸರು ಹೇಳಿ ವಿಚಾರಿಸಿದರೆ ಯಾರಿಗೂ ಗೊತ್ತಿಲ್ಲ. ಗ್ಲೌಸಮ್ಮ ಎಂದರೆ ಮೂಲೆ ಅಂಗಡಿಯವರಿಂದ ಹಿಡಿದು ಶಾಲಾ ವ್ಯಾನಿನ ಚಾಲಕನ ತನಕ ಎಲ್ಲರೂ ಮೂರನೇ ಮಹಡಿಯತ್ತ ಕೈ ತೋರಿಸುತ್ತಾರೆ. ಇವರ ಕಸುಬು ವಿಚಿತ್ರವಾದದ್ದು. ಜೋಡಿಯಲ್ಲಿ ಒಂದನ್ನು ಕಳೆದುಕೊಂಡವರು ಉಳಿದದ್ದನ್ನು ತಂದು ಕೊಡುತ್ತಾರೆ; ಗ್ಲೌಸಮ್ಮ ಅದೇ ಅಳತೆಯ, ಅದೇ ಬಣ್ಣದ ಇನ್ನೊಂದನ್ನು ಹೆಣೆದು ಕೊಡುತ್ತಾರೆ. ಕೈಗವಸು, ಕಾಲುಚೀಲ, ಎಳೆಮಕ್ಕಳ ಪುಟ್ಟ ಬೂಟು, ಹೀಗೆ ಜೋಡಿಯಲ್ಲಿರುವುದೆಲ್ಲ ಇಲ್ಲಿಗೆ ಒಂಟಿಯಾಗಿ ಬರುತ್ತದೆ. "ಎರಡೂ ಕಳ್ಕೊಂಡೋರು ಅಂಗಡಿಗೆ ಹೋಗ್ತಾರೆ. ಒಂದು ಕಳ್ಕೊಂಡೋರು ನಮ್ಮನೆಗೆ ಬರ್ತಾರೆ. ಪುಣ್ಯಕ್ಕೆ ಜನ ಒಂದೊಂದೇ ಕಳೀತಾರೆ" ಎಂಬುದು ಅವರ ವ್ಯಾಪಾರದ ಲೆಕ್ಕಾಚಾರ.

ಹೆಣಿಗೆ ಅವರಿಗೆ ಕಷ್ಟವಲ್ಲ. ಐದು ಬೆರಳಿನ ಕೈಗವಸಾದರೆ ದಿನಕ್ಕೆ ಒಂದು, ಬೆರಳಿಲ್ಲದ್ದಾದರೆ ಎರಡು. ಕಷ್ಟವಿರುವುದು ಬಣ್ಣದಲ್ಲಿ. ಬಂದ ಕೈಗವಸು ಬಿಸಿಲು, ಸೋಪು, ಬೈಕಿನ ಹ್ಯಾಂಡಲ್ಲು ಎಲ್ಲವನ್ನೂ ಕಂಡು ಮಾಸಿರುತ್ತದೆ. ಅಂಗಡಿಯಲ್ಲಿ ಮಾಸಿದ ಹಸಿರು ಸಿಗುವುದಿಲ್ಲ. ಹಾಗಾಗಿ ಬಿಳಿ ಉಲ್ಲನ್ ತಂದು ಮನೆಯಲ್ಲೇ ಬಣ್ಣ ಹಾಕಬೇಕು. ಒದ್ದೆ ದಾರ ಯಾವಾಗಲೂ ಗಾಢವಾಗಿ ಕಾಣುತ್ತದೆ. ಒಣಗಿದ ಮೇಲೆ ಹೇಗಿರುತ್ತದೆ ಎಂಬುದನ್ನು ಮೊದಲೇ ಊಹಿಸಬೇಕು. "ಹೊಸದು ಹೊಸದಾಗಿ ಕಾಣಬಾರದು. ಕಂಡ್ರೆ ನಾನು ಕೆಲಸ ಕೆಡಿಸಿದೆ ಅಂತ ಅರ್ಥ."

ಅವರು ಮದುವೆಗೆ ಮೊದಲೇ ಉಣ್ಣೆಬಟ್ಟೆಯ ಕಾರ್ಖಾನೆ ಸೇರಿದವರು. ಅಲ್ಲಿ ಅವರ ಕೆಲಸ ಉದ್ದನೆಯ ಮೇಜಿನ ಮುಂದೆ ನಿಂತು ಕೈಗವಸುಗಳನ್ನು ಜೋಡಿ ಮಾಡುವುದು. ಎಡಕ್ಕೆ ಬಲ ಸಿಗದೆ ಉಳಿದದ್ದು ದಿನವೂ ಬುಟ್ಟಿ ಸೇರುತ್ತಿತ್ತು, ಸಂಜೆ ಕಸಕ್ಕೆ ಹೋಗುತ್ತಿತ್ತು. ಕಾರ್ಖಾನೆ ಬಾಗಿಲು ಹಾಕಿದ ವರ್ಷವೇ ಬಸ್ ಓಡಿಸುತ್ತಿದ್ದ ಗಂಡನಿಗೆ ಬೆನ್ನು ಹಿಡಿದುಕೊಂಡಿತು. ಮಗ ಇನ್ನೂ ಶಾಲೆಗೆ ಹೋಗುತ್ತಿದ್ದ. ನೆರೆಮನೆಯವರ ಹರಿದ ಸ್ವೆಟರಿನ ಮೊಣಕೈ ಹೆಣೆದುಕೊಟ್ಟು ಆರಂಭವಾದ ಕೆಲಸ ಹೇಗೋ ಒಂಟಿ ಕೈಗವಸಿಗೆ ಬಂದು ನಿಂತಿತು. ಆ ವರ್ಷಗಳ ಬಗ್ಗೆ ಹೆಚ್ಚು ಕೇಳಿದರೆ "ಊಟಕ್ಕೆ ತೊಂದರೆ ಆಗಲಿಲ್ಲ" ಎಂದು ಮಾತು ಮುಗಿಸುತ್ತಾರೆ.

ನಾನು ಈ ಮನೆಗೆ ಬಂದದ್ದು ಭಾನುವಾರದ ಪತ್ರಿಕೆಗೆ ಇಷ್ಟನ್ನು ಬರೆಯಲಿಕ್ಕೆ. ಆದರೆ ಬೆಳಗಿನಿಂದ ಒಂದು ವಿಷಯ ಗಮನಕ್ಕೆ ಬರುತ್ತಿದೆ. ಕಿಟಕಿಯಲ್ಲಿ ನಿಂತು ನೋಡುವವರು ಗ್ಲೌಸಮ್ಮ. ಪಾತ್ರೆಯ ಮುಂದೆ ನಿಂತು ಪುಡಿ ಬೆರೆಸುತ್ತಿರುವವರು ಅವರ ಸೊಸೆ. ಇಬ್ಬರ ನಡುವೆ ಮಾತು ಕಮ್ಮಿ. ಕಾರಣ ಕೇಳಿದರೆ ಅತ್ತೆ ತಮ್ಮ ಬಲಗಣ್ಣಿನತ್ತ ಬೆರಳು ಮಾಡುತ್ತಾರೆ.

ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬಲಗಣ್ಣಿನ ಶಸ್ತ್ರಚಿಕಿತ್ಸೆ ಆಗಿದೆ, ಎಡಗಣ್ಣಿನದು ಮುಂದಿನ ತಿಂಗಳು. ಪೊರೆ ಬೆಳೆಯುತ್ತಿದ್ದದ್ದು ಅವರಿಗೆ ತಿಳಿದಿರಲಿಲ್ಲ. ಸೂಜಿಗೆ ದಾರ ಏರಿಸಬಲ್ಲ ಕಣ್ಣು ಸರಿಯಿಲ್ಲ ಎಂದು ಯಾರಾದರೂ ಹೇಗೆ ಒಪ್ಪಬೇಕು? ಆದರೆ ನೀಲಿ ಅವರ ಕಣ್ಣಿಗೆ ಮೋಸ ಮಾಡುತ್ತಿತ್ತು. ಕಡುನೀಲಿ, ಕಪ್ಪು ಎರಡೂ ಒಂದೇ ಆಗಿದ್ದವು. ಬಿಳಿ ಯಾವುದು, ಕೆನೆಬಣ್ಣ ಯಾವುದು ಎಂಬುದೂ ಗೊತ್ತಾಗುತ್ತಿರಲಿಲ್ಲ.

ಚಿಕಿತ್ಸೆ ಮುಗಿದು ಪಟ್ಟಿ ಬಿಚ್ಚಿದ ದಿನ ಮನೆಗೆ ಬಂದವರೇ ನೇರ ಹಿಂದಿನ ಬಾಲ್ಕನಿಗೆ ಹೋದರು. ಆಸ್ಪತ್ರೆಗೆ ಹೊರಡುವ ಮುಂಚೆ ಬಣ್ಣ ಹಾಕಿ ಒಣಗಲು ಬಿಟ್ಟಿದ್ದ ಉಲ್ಲನ್ ದಾರದ ಲಡಿ ಅಲ್ಲೇ ತೂಗುತ್ತಿತ್ತು. ಕಡುನೀಲಿ ಕೈಗವಸಿಗೆಂದು ಹಾಕಿದ ಬಣ್ಣ. ಲಡಿ ಅಪ್ಪಟ ಕಪ್ಪಾಗಿತ್ತು. "ಹಾಗಾದ್ರೆ ಇಷ್ಟು ದಿನ ಕೊಟ್ಟಿದ್ದೆಲ್ಲ? ಗಿರಾಕಿಗಳು ಮುಖ ನೋಡ್ಕೊಂಡು ಸುಮ್ಮನಿದ್ರಾ?" ಕೊಂಡೊಯ್ಯಲು ಯಾರೂ ಬಾರದೆ ಉಳಿದ ಜೋಡಿಗಳು ಬಿಸ್ಕತ್ತಿನ ಡಬ್ಬಿಯಲ್ಲಿದ್ದವು. ಸುರಿದು ನೋಡಿದರು. ಅಲ್ಲಿದ್ದ ನೀಲಿಗೆ ನೀಲಿ ಸರಿಯಿತ್ತು, ಕೆನೆಗೆ ಕೆನೆ ಸರಿಯಿತ್ತು. ಕೆಟ್ಟಿದ್ದು ಬಾಲ್ಕನಿಯ ಲಡಿಯೊಂದೇ. ಅದು ಒಣಗುತ್ತಿದ್ದ ದಿನ ಮಾತ್ರ ಸೊಸೆ ಮನೆಯಲ್ಲಿರಲಿಲ್ಲ. ಆಸ್ಪತ್ರೆಯಲ್ಲಿ ಅತ್ತೆಯ ಜೊತೆಗಿದ್ದರು.

ಗುಟ್ಟು ರಟ್ಟಾಯಿತು. ಎರಡು ವರ್ಷದಿಂದ ಅತ್ತೆ ಹಾಕಿದ ಬಣ್ಣವನ್ನು ಸೊಸೆ ಕದ್ದುಮುಚ್ಚಿ ತಿದ್ದುತ್ತಿದ್ದರು.

"ಮೊದಲು ಕಂಡಿದ್ದು ಒಂದು ಮಗುವಿನ ಕಾಲುಚೀಲ" ಎನ್ನುತ್ತಾರೆ ಸೊಸೆ, ಪಾತ್ರೆಯನ್ನು ಕಲಕುತ್ತ. "ಕೆನೆಬಣ್ಣ ಬೇಕಿತ್ತು. ಅತ್ತೆ ನಿಂಬೆಹಣ್ಣಿನ ಹಳದಿ ಮಾಡಿಟ್ಟಿದ್ರು. ಬಣ್ಣ ಕಮ್ಮಿ ಇದ್ರೆ ಇನ್ನಷ್ಟು ಹಾಕಬಹುದು, ಜಾಸ್ತಿ ಆದ್ರೆ ತೆಗೆಯೋಕಾಗಲ್ಲ. ಅದಕ್ಕೇ ಬೇರೆ ಉಲ್ಲನ್ ತಗೊಂಡು ಹೊಸದಾಗಿ ಹಾಕಿ ಅಲ್ಲೇ ನೇತು ಹಾಕಿದೆ. ಅವರು ತರಕಾರಿಗೆ ಹೋಗಿದ್ರು. ಹೋದ್ರೆ ಬೇಗ ಬರಲ್ಲ, ಪ್ರತಿ ಮಹಡೀಲೂ ಒಂದು ಸ್ಟಾಪು."

ಉಲ್ಲನ್ ಮಾತ್ರ ಲೆಕ್ಕಕ್ಕಿಂತ ಬೇಗ ಖಾಲಿಯಾಗುತ್ತಿತ್ತು. ಗ್ಲೌಸಮ್ಮ ಮೊದಲು ಅಂಗಡಿಯವನ ತಕ್ಕಡಿಯ ಮೇಲೆ ಅನುಮಾನಪಟ್ಟು ಜಗಳವಾಡಿದರು. ಆಮೇಲೆ ಹುಳ ತಿನ್ನುತ್ತಿದೆ ಎಂದು ಮನೆ ತುಂಬ ನುಸಿಗುಳಿಗೆ ಇಟ್ಟರು. "ನನ್ನ ಅಂಗಿಯೆಲ್ಲ ಅದೇ ವಾಸನೆ. ಪಾರ್ಕಲ್ಲಿ ಪಕ್ಕ ಕೂತೋರು ಎದ್ದು ಹೋಗ್ತಿದ್ರು" ಎಂದು ಒಳಕೋಣೆಯಿಂದ ಗ್ಲೌಸಮ್ಮನ ಯಜಮಾನರ ದನಿ ಬರುತ್ತದೆ. ಸೊಸೆ ಆಗಲೂ ತುಟಿ ಪಿಟಕ್ಕೆನ್ನಲಿಲ್ಲ.

ಯಾಕೆ ಹೇಳಲಿಲ್ಲ ಎಂದು ಕೇಳುತ್ತೇನೆ. ಅತ್ತೆ ಈ ಹಸಿರು ಕೈಗವಸಿನ ಮಾಲೀಕನ ಫೋನ್ ಬಂದು ಹಜಾರಕ್ಕೆ ಹೋಗಿರುವುದನ್ನು ಖಚಿತ ಮಾಡಿಕೊಂಡು ಸೊಸೆ ಉತ್ತರಿಸುತ್ತಾರೆ. "ಹೇಳಿದ್ರೆ ಅವತ್ತೇ ಪಾತ್ರೆ ಎತ್ತಿ ಅಟ್ಟಕ್ಕೆ ಹಾಕಿಬಿಡ್ತಿದ್ರು. ಕಣ್ಣಾಸ್ಪತ್ರೆ ಅಂದ್ರೆ ಮೊದಲೇ ಭಯ. ಕರ್ಕೊಂಡು ಹೋಗೋಕೆ ಎರಡು ವರ್ಷ ಬೇಕಾಯ್ತು." ಒಲೆಯ ಉರಿ ತಗ್ಗಿಸಿ, "ಆಮೇಲಾಮೇಲೆ ನನಗೇ ಬಿಡೋಕೆ ಮನಸ್ಸಾಗಲಿಲ್ಲ. ಮದುವೆ ಆದಾಗಿಂದ ಈ ಮನೇಲಿ ನನಗೆ ಅಂತ ಚೆನ್ನಾಗಿ ಬಂದ ಕೆಲಸ ಇದೊಂದೇ" ಎನ್ನುತ್ತಾರೆ.

ಮಾತು ಉತ್ಪ್ರೇಕ್ಷೆಯಲ್ಲ. ಹೆಣಿಗೆ ಇವರ ಕೈಗೆ ಒಗ್ಗಿಲ್ಲ. ಇವರು ಹೆಣೆದ ಟೋಪಿ ಹಾಕಿಕೊಂಡರೆ ಒಂದು ಕಿವಿ ಒಳಗೆ, ಒಂದು ಹೊರಗೆ ಎಂದು ಅತ್ತೆ ಬಂದವರಿಗೆಲ್ಲ ಹೇಳಿ ನಗಿಸುತ್ತಾರಂತೆ. ಬಣ್ಣದ ಬಗ್ಗೆ ಮಾತ್ರ ಇದುವರೆಗೆ ಒಳ್ಳೆಯದನ್ನೂ ಹೇಳಿಲ್ಲ, ಕೆಟ್ಟದ್ದನ್ನೂ ಹೇಳಿಲ್ಲ. ಗುಟ್ಟು ಬಯಲಾದ ಮೇಲೆ ನಾಲ್ಕೈದು ದಿನ ಮಾತೇ ಆಡಲಿಲ್ಲ. ಒಂದು ಬೆಳಿಗ್ಗೆ ಪಾತ್ರೆಯನ್ನು ಸೊಸೆಯ ಮುಂದೆ ಕುಕ್ಕಿ, "ಇನ್ನು ಕದ್ದು ಮಾಡೋದೇನೂ ಬೇಡ" ಎಂದರಂತೆ. "ಅದು ಬೈಗುಳನೋ ಏನೋ ನನಗೆ ಇನ್ನೂ ಗೊತ್ತಾಗಿಲ್ಲ. ಇನ್ನೊಂದು ಕಣ್ಣೂ ಸರಿಹೋದ್ರೆ ಪಾತ್ರೆ ವಾಪಸ್ ತಗೋತಾರೆ. ಅವರದ್ದೇ ಅಲ್ವಾ. ನಾನು ಕೇಳೋಕೆ ಹೋಗಿಲ್ಲ." ಇದನ್ನು ಹೇಳುವಾಗ ಸೊಸೆಯ ಮುಖ ಸಪ್ಪಗಾಗುತ್ತದೆ. ನೋಡುವವರಿಗೂ ಬೇಸರವಾಗುತ್ತದೆ.

ಗ್ಲೌಸಮ್ಮ ಫೋನ್ ಮುಗಿಸಿ ಬರುತ್ತಾರೆ. ಕಿಟಕಿಯಲ್ಲಿ ಈಗ ಬೆಳಕು ಸಾಕಷ್ಟಿದೆ. ಸೊಸೆ ನೀರಿನಿಂದ ಒಂದೆಳೆ ತೆಗೆದು, ಬಟ್ಟೆಯಲ್ಲಿ ಹಿಂಡಿ, ಇಸ್ತ್ರಿಪೆಟ್ಟಿಗೆಯಿಂದ ಒಣಗಿಸಿ ಅತ್ತೆಯ ಕೈಗೆ ಕೊಡುತ್ತಾರೆ.

"ಸರಿಯಿದೆ" ಎನ್ನುತ್ತಾರೆ ಅತ್ತೆ.

"ಒಂದು ಚಿಟಿಕೆ ಹಳದಿ ಬೇಕು ಅನ್ಸುತ್ತೆ."

ಅತ್ತೆ ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಮತ್ತೆ ನೋಡುತ್ತಾರೆ. ಕೈಗವಸನ್ನು ತಿರುಗಿಸಿ ಅಂಗೈಯ ಕಡೆ ಹಿಡಿಯುತ್ತಾರೆ. ಸೊಸೆ ಚಮಚ ಹಿಡಿದು ಕಾಯುತ್ತಿದ್ದಾರೆ.

"ನಿನಗೆ ಹೇಗೆ ಕಾಣುತ್ತೋ ಹಾಗೆ ಮಾಡು" ಎಂದು ಅತ್ತೆ ದಾರವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಕುರ್ಚಿ ಎಳೆದುಕೊಳ್ಳುತ್ತಾರೆ. ಹಳದಿ ಬೀಳುತ್ತದೆ. ದಾರ ಬಣ್ಣ ಹೀರಿಕೊಂಡಂತೆ ಪಾತ್ರೆಯ ನೀರು ತಿಳಿಯಾಗುತ್ತದೆ. ಲಡಿಯನ್ನು ತೊಳೆದು, ಬಕೆಟ್ಟಿನಲ್ಲಿಟ್ಟುಕೊಂಡು, ಸೊಸೆ ಹಿಂದಿನ ಬಾಲ್ಕನಿಗೆ ಒಣಹಾಕಲು ಹೋಗುತ್ತಾರೆ.

ಬಾಗಿಲು ಮುಚ್ಚಿದ್ದೇ ತಡ, ಗ್ಲೌಸಮ್ಮ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಸರಿಸಿ ದನಿ ತಗ್ಗಿಸುತ್ತಾರೆ. "ಅವತ್ತು ಡಬ್ಬೀಲಿ ಇದ್ದಿದ್ದನ್ನೆಲ್ಲ ಒಂದೊಂದಾಗಿ ಈ ಕಿಟಕಿಗೆ ತಂದು ನೋಡ್ದೆ. ತಪ್ಪು ಹುಡುಕೋಕೇ ನೋಡಿದ್ದು, ಸುಳ್ಳು ಯಾಕೆ ಹೇಳ್ಲಿ. ಒಂದೂ ಸಿಗಲಿಲ್ಲ. ಕಣ್ಣು ಚೆನ್ನಾಗಿದ್ದ ಕಾಲದಲ್ಲೂ ನನಗೆ ಅಷ್ಟು ಸರಿಯಾಗಿ ಬರ್ತಿರಲಿಲ್ಲ. ಇನ್ನೊಂದು ಕಣ್ಣು ಆದ್ಮೇಲೂ ಪಾತ್ರೆ ಅವಳದ್ದೇ."

ಈ ಮಾತನ್ನು ಸೊಸೆಗೆ ಹೇಳಿದ್ದೀರಾ ಎಂದು ಕೇಳುತ್ತೇನೆ.

"ಅವಳು ಎರಡು ವರ್ಷ ನನಗೆ ಹೇಳಿದ್ಲಾ?" ಎನ್ನುತ್ತಾರೆ ಗ್ಲೌಸಮ್ಮ, ಸೂಜಿಗಳನ್ನು ಕೈಗೆತ್ತಿಕೊಳ್ಳುತ್ತ. "ನೀವು ಬರೀರಿ. ಭಾನುವಾರ ಪೇಪರಲ್ಲಿ ಓದ್ಕೊಳ್ಳಲಿ."