ಗಾಳಿಯಕ್ಕನ ಮುನ್ನೂರು ಮೀಟರ್

ಬೆಳಗಿನ ಐದೂಕಾಲು. ಕೆರೆ ಸುತ್ತಿನ ರಸ್ತೆಯಲ್ಲಿ ಬೀದಿದೀಪ ಇನ್ನೂ ಆರಿಲ್ಲ. ಹಳೇ ಮೊಪೆಡ್ ಮೇಲೆ ಬೆನ್ನು ನೆಟ್ಟಗೆ ಮಾಡಿ ಕುಳಿತ ಐವತ್ತೆರಡರ ಹೆಂಗಸೊಬ್ಬರು ಬರುತ್ತಿದ್ದಾರೆ. ಅವರ ಹಿಂದೆ ಒಂದು ಗೇಣು ಬಿಟ್ಟು, ತಲೆ ತಗ್ಗಿಸಿ ಸೈಕಲ್ ತುಳಿಯುತ್ತಿರುವ ಹುಡುಗಿ. ಎದುರುಗಾಳಿಯನ್ನೆಲ್ಲ ಮೊಪೆಡ್ ತಿನ್ನುತ್ತದೆ. ಅದರ ಮರೆಯಲ್ಲಿ ಹುಡುಗಿ ಒಂಟಿಯಾಗಿ ಮುಟ್ಟಲಾಗದ ವೇಗ ಮುಟ್ಟುತ್ತಾಳೆ, ಕಾಲು ಆ ವೇಗಕ್ಕೆ ಪಳಗುತ್ತದೆ. ಮುಂದಿನವರು ಒಮ್ಮೆ ಮುಗ್ಗರಿಸಿದರೆ ಇಬ್ಬರೂ ನೆಲ ಕಚ್ಚಬೇಕು. ಆದರೂ ಅವರು ಹಿಂದೆ ತಿರುಗಿ ನೋಡುವುದಿಲ್ಲ.

"ನೋಡೋದು ಯಾಕೆ ಸಾರ್? ಉಸಿರು ಕೇಳುತ್ತಲ್ಲ," ಎನ್ನುತ್ತಾರೆ. "ಅವಳ ಉಸಿರು ಹರಿದ ಹಾಗೆ ಕೇಳಿಸಿದ್ರೆ ನನ್ನ ಕೈ ತಾನಾಗೇ ಸಡಿಲ ಆಗುತ್ತೆ."

ಸೈಕಲ್ ಓಡಿಸುವವರ ಬಾಯಲ್ಲಿ ಇವರು ಗಾಳಿಯಕ್ಕ. ಒಂಬತ್ತು ಗಂಟೆಯಾದರೆ ಶಾಲೆಯೊಂದರ ಎದುರಿನ ಟೈಲರ್ ಅಂಗಡಿಯಲ್ಲಿ ಕೊರಳಿಗೆ ಟೇಪು ಹಾಕಿಕೊಂಡು ಮಕ್ಕಳ ಸಮವಸ್ತ್ರ ಹೊಲಿಯುತ್ತಾರೆ. ಹಿಂದೆ ಬರುವ ಹುಡುಗಿ ಅಣ್ಣನ ಮಗಳು. ಅವಳಿಗೆ ಇಪ್ಪತ್ತೆರಡು, ಔಷಧಿ ಅಂಗಡಿಯಲ್ಲಿ ಕೆಲಸ. ಬರುವ ಭಾನುವಾರ ಅವಳ ಆಯ್ಕೆ ಪರೀಕ್ಷೆ. ಇಪ್ಪತ್ತು ಕಿಲೋಮೀಟರನ್ನು ಇಪ್ಪತ್ತೆಂಟು ನಿಮಿಷದೊಳಗೆ ಒಂಟಿಯಾಗಿ ಮುಗಿಸಿದರೆ ತರಬೇತಿ ಶಿಬಿರದಲ್ಲಿ ಜಾಗ. ವಯಸ್ಸಿನ ಮಿತಿ ಇರುವುದರಿಂದ ಇದೇ ಕೊನೆಯ ಅವಕಾಶ.

ಇಂಥ ಲೇಖನಕ್ಕೆ ಅಂಕಿಅಂಶ ಇರಲೇಬೇಕು ಎಂದು ಸಂಪಾದಕರು ಹೇಳಿ ಕಳಿಸಿದ್ದಾರೆ. ಸೋಮವಾರ ನಾನೂ ನಿಷ್ಠೆಯಿಂದ ಬರೆದುಕೊಳ್ಳುತ್ತೇನೆ. ಸುತ್ತಿಗೆ ಐದು ಕಿಲೋಮೀಟರ್, ದಿನಕ್ಕೆ ಎಂಟು ಸುತ್ತು, ಮೊಪೆಡ್ಡಿನ ಮುಳ್ಳು ಐವತ್ತರಲ್ಲಿ. ಶನಿವಾರದ ಒಂಟಿ ಓಟ ಇಪ್ಪತ್ತು ಕಿಲೋಮೀಟರ್, ಇಪ್ಪತ್ತೇಳು ನಿಮಿಷ ನಲವತ್ತು ಸೆಕೆಂಡು. ಹುಡುಗಿ ಕೆಲಸಕ್ಕೆ ಹೊರಟುಹೋದ ಮೇಲೆ, ಅಂಗಡಿಯಲ್ಲಿ, ಗಾಳಿಯಕ್ಕ ನನ್ನ ಪುಸ್ತಕ ಇಣುಕಿ ನೋಡುತ್ತಾರೆ.

"ಅದೆಲ್ಲ ಹೊಡೆದುಹಾಕಿ ಸಾರ್. ಸುಳ್ಳು."

ನನಗೆ ತಲೆಬುಡ ಅರ್ಥವಾಗುವುದಿಲ್ಲ. ಅವರು ಬಿಡಿಸಿ ಹೇಳುತ್ತಾರೆ. ಹನ್ನೊಂದು ತಿಂಗಳ ಹಿಂದೆ ಗುಂಡಿಗೆ ಇಳಿದು ಮೊಪೆಡ್ಡಿನ ಮುಂಚಕ್ರ ಸೊಟ್ಟಗಾಯಿತು. ಮೆಕ್ಯಾನಿಕ್ ಬೇರೆ ಯಾವುದೋ ಗಾಡಿಯ ಚಕ್ರ ಹಾಕಿಕೊಟ್ಟ. ಅದೇ ತಿಂಗಳು ಕೆರೆ ಸುತ್ತ ಹೊಸ ರಸ್ತೆ ಆಯಿತು, ಇವರು ಅದನ್ನು ಮೊಪೆಡ್ಡಿನಲ್ಲೇ ಅಳೆದರು. ಸರಿಯಾಗಿ ಐದು ಎಂದು ತೋರಿಸಿತು. ಎಷ್ಟು ಚೆಂದದ ಲೆಕ್ಕ ಎಂದು ಖುಷಿಪಟ್ಟರಂತೆ. ಕಳೆದ ವಾರ ರಸ್ತೆ ಇಲಾಖೆಯವರು ಬಂದು ಕಲ್ಲು ನೆಟ್ಟರು. ಕಲ್ಲಿನ ಪ್ರಕಾರ ಸುತ್ತು ನಾಲ್ಕು ಕಿಲೋಮೀಟರ್ ಏಳುನೂರು ಮೀಟರ್!

"ಮೊದಲು ಕಲ್ಲು ನೆಟ್ಟೋರನ್ನೇ ಬೈದೆ. ಆಮೇಲೆ ತಲೇಲಿ ಹುಳ ಕೊರೆಯೋಕೆ ಶುರು. ನಿನ್ನೆ ಚಕ್ರಕ್ಕೆ ಟೇಪು ಸುತ್ತಿದೆ. ನೂರೈವತ್ತು ಸೆಂಟಿಮೀಟರ್, ಟೇಪಿನ ತುದಿಗೆ ತುದಿ ಕೂಡ್ತು. ಹಳೇ ಚಕ್ರ ಅಟ್ಟದ ಮೇಲೆ ಇತ್ತು. ಅದಕ್ಕೆ ಸುತ್ತಿದ್ರೆ ಇನ್ನೂ ಹತ್ತು ಬೇಕಾಯ್ತು."

ಚಕ್ರ ಚಿಕ್ಕದಾದರೆ ಹೆಚ್ಚು ಸಲ ತಿರುಗುತ್ತದೆ, ಮೀಟರ್ ಅದನ್ನೇ ವೇಗ ಎಂದುಕೊಳ್ಳುತ್ತದೆ. ಐವತ್ತು ಅಂದುಕೊಂಡದ್ದು ನಲವತ್ತೇಳು. ಶನಿವಾರ ಹುಡುಗಿ ಓಡಿದ್ದು ಇಪ್ಪತ್ತಲ್ಲ, ಹತ್ತೊಂಬತ್ತೂ ಅಲ್ಲ. ನಿಜವಾದ ಇಪ್ಪತ್ತಕ್ಕೆ ಇಪ್ಪತ್ತೊಂಬತ್ತೂವರೆ ನಿಮಿಷ ಹಿಡಿಯುತ್ತದೆ. ದೂರ ಅಳೆಯುವ ಫೋನ್ ಜೇಬಿನಲ್ಲಿದ್ದರೆ ಮೊದಲ ದಿನವೇ ಗುಟ್ಟು ರಟ್ಟಾಗುತ್ತಿತ್ತು. ಆದರೆ ಸೈಕಲ್ ಮೇಲೆ ಫೋನ್ ಕೂಡದು ಎಂಬುದು ಗಾಳಿಯಕ್ಕನದೇ ನಿಯಮ.

"ಹದಿನೆಂಟು ವರ್ಷದಲ್ಲಿ ಒಂದು ಮಗುವಿನ ತೋಳು ಗಿಡ್ಡ ಹೊಲಿದಿಲ್ಲ ನಾನು. ಮನೆ ಮಗಳಿಗೇ ಅಳತೆ ತಪ್ಪಿದೆ," ಎಂದು ಟೇಪನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಕೂರುತ್ತಾರೆ. "ಹೇಳಿದ್ರೆ ಧೈರ್ಯ ಕುಸಿಯುತ್ತೆ. ಹೇಳದೆ ಇದ್ರೆ ಆ ಸುಳ್ಳು ಲೆಕ್ಕ ಹಿಡ್ಕೊಂಡೇ ಅಲ್ಲಿ ಓಡ್ತಾಳೆ. ನೀವು ಓದಿದೋರು, ನೀವೇ ಹೇಳಿ."

ನಾನು ಹೇಳಬೇಡಿ ಎನ್ನುತ್ತೇನೆ. ಎರಡು ನಿಮಿಷ ಬಿಟ್ಟು ಹೇಳಿಬಿಡಿ ಎನ್ನುತ್ತೇನೆ. ನಿಜ ಹೇಳಬೇಕೆಂದರೆ ನನಗೆ ಗೊತ್ತಿಲ್ಲ. ಎಲೆಮರೆಯ ಕಾಯಿಯನ್ನು ಹುಡುಕಿಕೊಂಡು ಬಂದವನು ಅವರ ಮನೆಯ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡಿದ್ದೇನೆ.

ಅಳತೆ ಇವರಿಗೆ ಕೈಕೊಡುತ್ತಿರುವುದು ಇದು ಎರಡನೇ ಸಲ. ಮೂವತ್ತು ವರ್ಷದ ಹಿಂದೆ ಎರಡು ವರ್ಷ ಸತತವಾಗಿ ರಸ್ತೆ ಸ್ಪರ್ಧೆ ಗೆದ್ದವರು ಇವರು. ಮೂರನೇ ವರ್ಷ ಹತ್ತು ಸುತ್ತಿನ ಓಟ. ಒಂಬತ್ತನ್ನೇ ಹತ್ತು ಎಂದು ಎಣಿಸಿ, ಇದ್ದಬದ್ದ ಶಕ್ತಿಯೆಲ್ಲ ಸುರಿದು ಗೆರೆ ದಾಟಿ, ಎರಡೂ ಕೈ ಮೇಲೆತ್ತಿದರು. ಕೊನೆಯ ಸುತ್ತು ಉಳಿದಿದೆ ಎಂದು ತಿಳಿಸುವ ಗಂಟೆ ಹೊಡೆಯಿತು.

"ನಾನು ಗೆದ್ದಿದ್ದಕ್ಕೇ ಹೊಡೀತಿದಾರೆ ಅನ್ಕೊಂಡು ಜನಕ್ಕೆಲ್ಲ ಕೈ ಬೀಸಿದೆ ಸಾರ್!" ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಎಲ್ಲರೂ ಪಕ್ಕದಿಂದ ಸರ್ರನೆ ಹೋದ ಮೇಲೇ ಗೊತ್ತಾದದ್ದು. ಬಂದ ಸ್ಥಾನ ಹನ್ನೊಂದು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹೀಗೆ ಮಾತಾಡುತ್ತಿರುವಾಗಲೇ ಎದುರಿನ ಶಾಲೆಯ ಗಂಟೆ ಹೊಡೆಯುತ್ತದೆ, ಅವರ ನಗು ಅರ್ಧಕ್ಕೇ ನಿಲ್ಲುತ್ತದೆ.

ಆಮೇಲೆ ಸ್ಪರ್ಧೆ ಬಿಟ್ಟು ತರಬೇತಿಗೆ ಇಳಿದರು. ಈ ಹುಡುಗಿಯನ್ನು ಬಿಟ್ಟು ಈವರೆಗೆ ಇವರ ಬೆನ್ನ ಹಿಂದೆ ಓಡಿದವರು ಹತ್ತೊಂಬತ್ತು ಮಂದಿ. ಒಬ್ಬಳು ಹೆಗಲ ಮೂಳೆ ಮುರಿದುಕೊಂಡಳು. ಇಬ್ಬರು ದೊಡ್ಡ ಸ್ಪರ್ಧೆಗಳವರೆಗೆ ಹೋಗಿ ಬಂದರು. ಉಳಿದವರು ಸದ್ದಿಲ್ಲದೆ ಸೈಕಲ್ ಮಾರಿ ಬೇರೆ ದಾರಿ ಹಿಡಿದರು. ಎರಡು ಹೊಲಿಗೆಗಳ ನಡುವೆ ಇಷ್ಟನ್ನು ಹೇಳಿ ಮುಗಿಸುತ್ತಾರೆ.

ಮಂಗಳವಾರ ಬೆಳಿಗ್ಗೆ ಎಂಟು ಸುತ್ತು ಮುಗಿದ ಮೇಲೆ ಗಾಳಿಯಕ್ಕ ಮೊಪೆಡ್ ನಿಲ್ಲಿಸಿ, ಇಳಿಯದೆ, ಮುಂದೆ ನೋಡಿಕೊಂಡೇ ಎಲ್ಲ ಹೇಳಿಬಿಡುತ್ತಾರೆ. ಹುಡುಗಿ ನೀರು ಕುಡಿಯುವುದನ್ನು ನಿಲ್ಲಿಸುತ್ತಾಳೆ.

"ಒಂದು ವರ್ಷ, ಅತ್ತೆ?"

"ಹನ್ನೊಂದು ತಿಂಗಳು."

"ಈಗ ಹೇಳ್ತೀಯಾ? ಐದು ದಿನ ಇರೋವಾಗ?"

"ನನಗೂ ಮೊನ್ನೆ ತಾನೇ ಗೊತ್ತಾಗಿದ್ದು ಕಣೇ."

ಅವಳು ಬಾಟಲಿಯನ್ನು ರಸ್ತೆಗೆ ಬಡಿದು ಸೈಕಲ್ ತಳ್ಳಿಕೊಂಡು ಹೊರಟುಹೋಗುತ್ತಾಳೆ. ಗಾಳಿಯಕ್ಕ ಉರುಳುತ್ತಿರುವ ಬಾಟಲಿಯನ್ನು ಹಿಡಿದು ಮುಚ್ಚಳ ಹಾಕುತ್ತಾರೆ. "ಗೊತ್ತಾಗ್ತಿಲ್ಲ ಸಾರ್. ತಪ್ಪು ಮಾಡಿದ್ನೋ ಏನೋ."

ಬುಧವಾರ ಐದು ಗಂಟೆಗೆ ನಾವಿಬ್ಬರೂ ಕಾಯುತ್ತೇವೆ. ಐದೂಕಾಲು ಆಗುತ್ತದೆ, ಐದೂವರೆ ಆಗುತ್ತದೆ. ಕೊನೆಗೆ ಹುಡುಗಿ ಬರುತ್ತಾಳೆ. ಅತ್ತೆಯ ಮುಖ ನೋಡದೆ ನೇರ ಮೊದಲ ಕಲ್ಲಿನ ಬಳಿ ಹೋಗಿ ನಿಲ್ಲುತ್ತಾಳೆ.

"ಕಲ್ಲಿನ ಲೆಕ್ಕಕ್ಕೆ ಪೂರ್ತಿ ಇಪ್ಪತ್ತು. ಗಡಿಯಾರ ಹಿಡಿ."

"ಪರೀಕ್ಷೆ ವಾರದಲ್ಲಿ ಯಾರಾದ್ರೂ ಪೂರ್ತಿ ದಮ್ಮು ಕಟ್ಟಿ ಓಡ್ತಾರಾ?"

"ಹಿಡಿ ಅತ್ತೆ."

ನಾಲ್ಕು ಸುತ್ತು, ಮೇಲೊಂದು ಸಾವಿರದ ಇನ್ನೂರು ಮೀಟರ್. ಗಾಳಿಯಕ್ಕ ಮೊದಲೇ ಅಲ್ಲಿಗೆ ಹೋಗಿ, ಗಡಿಯಾರ ಅಂಗೈಯಲ್ಲಿಟ್ಟು ಕಾಯುತ್ತಾರೆ. ಹುಡುಗಿ ದಾಟಿದಾಗ ಇಪ್ಪತ್ತೆಂಟು ನಿಮಿಷ ಐವತ್ತೆರಡು ಸೆಕೆಂಡು. ಇಪ್ಪತ್ತೊಂಬತ್ತೂವರೆಯ ಲೆಕ್ಕಕ್ಕಿಂತ ಅರ್ಧ ನಿಮಿಷಕ್ಕೂ ಹೆಚ್ಚು ಬೇಗ. ಬೇಕಾದದ್ದಕ್ಕಿಂತ ಐವತ್ತೆರಡು ಸೆಕೆಂಡು ತಡ. ಖುಷಿಪಡಬೇಕೋ ಅಳಬೇಕೋ ಮೂವರಿಗೂ ತಿಳಿಯುವುದಿಲ್ಲ. ಉಸಿರು ಸಿಕ್ಕಿದ ಮೇಲೆ ಹುಡುಗಿಯೇ ಬಾಯಿ ತೆರೆಯುತ್ತಾಳೆ.

"ಮೊದಲ ಸಲ ನೀನು ಒಂದು ಸುತ್ತು ಮುಂಚೆ ಕೈ ಎತ್ತಿದೆ. ಈ ಸಲ ಐದು ದಿನ ಮುಂಚೆ ಹೇಳಿದ್ದೀಯ. ಪರವಾಗಿಲ್ಲ, ಸುಧಾರಿಸಿದ್ದೀಯ."

ಗಾಳಿಯಕ್ಕ ಅವಳ ಬೆನ್ನಿಗೆ ಒಂದು ಗುದ್ದುತ್ತಾರೆ. ಕೈ ಅಲ್ಲೇ ಉಳಿಯುತ್ತದೆ.

ಇದನ್ನು ಬರೆದು ಕೊಡುತ್ತಿರುವುದು ಗುರುವಾರ. ನಿಮ್ಮ ಕೈಗೆ ಪತ್ರಿಕೆ ಬರುವ ಹೊತ್ತಿಗೆ ಹುಡುಗಿ ಆರಂಭದ ಗೆರೆಯಲ್ಲಿ ನಿಂತಿರುತ್ತಾಳೆ. ಐವತ್ತೆರಡು ಸೆಕೆಂಡು ಎಲ್ಲಿಂದ ಬರಬೇಕೋ ಯಾರಿಗೂ ಗೊತ್ತಿಲ್ಲ. ಸಮಯ ಬರೆಯದೆ ಬಿಡಲೇ ಎಂದು ಕೇಳಲು ಅಂಗಡಿಗೆ ಹೋದರೆ, ಗಾಳಿಯಕ್ಕ ಹೊಲಿಗೆಯಿಂದ ತಲೆ ಎತ್ತುವುದಿಲ್ಲ.

"ಬರೀರಿ ಸಾರ್. ಕಲ್ಲಿನ ಅಂಕಿಯನ್ನೇ ಬರೀರಿ. ಅದು ಅವಳದು."

ನಿಮಗೇನು ಆಸೆ ಎಂದು ಕೇಳುತ್ತೇನೆ. ಹೊಲಿಗೆ ಯಂತ್ರ ನಿಲ್ಲುತ್ತದೆ.

"ಆರು ವರ್ಷದಿಂದ ಅವಳು ನನ್ನ ಬೆನ್ನ ಹಿಂದೆ. ಪ್ರತಿ ಶನಿವಾರ ಒಂಟಿಯಾಗಿ ಓಡಿ ಎದುರಿಗೆ ಬಂದ್ರೂ ನನ್ನ ಕಣ್ಣು ಗಡಿಯಾರದ ಮೇಲೇ. ಓಡೋವಾಗ ಅವಳ ಮುಖ ಹೇಗಿರುತ್ತೆ ಅಂತ ನಾನು ನೋಡೇ ಇಲ್ಲ ಸಾರ್. ಭಾನುವಾರ ಗಡಿಯಾರ ಬೇರೆಯೋರ ಕೈಲಿರುತ್ತೆ. ನಾನು ಮುಖ ನೋಡ್ತೀನಿ."