ವರದಿಯಲ್ಲಿಲ್ಲದ ಲೈನು

ಸ್ವಾತಿಗೆ ಒಂದು ಕಡೆ ಕೂತು ಗೊತ್ತಿರಲಿಲ್ಲ. ಕೊಟ್ಟಿಗೆಹಾರದ ಬಸ್‌ಸ್ಟಾಪಿನ ಎದುರು ಜನಾರ್ದನ ಭಟ್ಟರ ಜೆರಾಕ್ಸ್ ಅಂಗಡಿಯಲ್ಲಿ ಅವಳಿಗೆ ಕೆಲಸ. ಗಿರಾಕಿ ಇಲ್ಲದ ಹೊತ್ತಲ್ಲಿ ಬಾಗಿಲಿಗೂ ಮೆಷಿನ್ನಿಗೂ ನಡುವೆ ಓಡಾಡುತ್ತಲೇ ಇರುತ್ತಿದ್ದಳು. "ಸ್ವಲ್ಪ ಕೂತ್ಕೊ ಮಾರಾಯ್ತಿ, ನಿನ್ನ ನೋಡಿ ನನಗೆ ತಲೆ ತಿರುಗ್ತದೆ" ಎಂದು ಭಟ್ಟರು ಗೊಣಗುತ್ತಿದ್ದರು. ಕೂತರೆ ಎರಡೇ ನಿಮಿಷ. ಮತ್ತೆ ಎದ್ದು ಬಾಗಿಲಲ್ಲಿ.

ಅವಳ ಮನೆ ಇದ್ದದ್ದು ಅಲ್ಲಿಂದ ಮೂರು ಮೈಲಿ ಮೇಲೆ, ಕಾಫಿ ಎಸ್ಟೇಟಿನ ಕೂಲಿ ಲೈನಿನಲ್ಲಿ. ಕೆಲಸಗಾರರಿಗೆಂದು ಸಾಲಾಗಿ ಕಟ್ಟಿದ ಒಟ್ಟು ಮೂವತ್ತೊಂದು ಮನೆ. ಅಪ್ಪ ಗಿಡ್ಡಪ್ಪ, ಅವ್ವ ಮರಿಯಮ್ಮ ಇಬ್ಬರೂ ಅದೇ ಎಸ್ಟೇಟಿನಲ್ಲಿ ದುಡಿಯುವವರು. ಬಂಗಲೆಗೆ ಹೋಗುವ ಕರೆಂಟಿನ ತಂತಿ ಲೈನಿನ ಹೆಂಚುಗಳ ಮೇಲೇ ಹಾದುಹೋಗಿತ್ತು, ಲೈನಿಗೆ ಮಾತ್ರ ಇಳಿದಿರಲಿಲ್ಲ. ಸ್ವಾತಿ ಮೂಡಿಗೆರೆಗೆ ಬಸ್ಸಲ್ಲಿ ಹೋಗಿಬಂದು, ಸೀಮೆಎಣ್ಣೆ ಬುಡ್ಡಿಯ ಮುಂದೆ ಓದಿ ಪಿಯುಸಿ ಮುಗಿಸಿದ್ದಳು. ಲೈನಿನಲ್ಲಿ ಅಷ್ಟು ಓದಿದವಳು ಅವಳೊಬ್ಬಳೇ.

೨೦೦೭ರ ಫೆಬ್ರವರಿಯಲ್ಲಿ ಒಂದು ಜೀಪು ಅಂಗಡಿ ಮುಂದೆ ನಿಂತಿತು. ಇಳಿದವನು ದಪ್ಪನೆಯ ಕಟ್ಟೊಂದನ್ನು ಮೇಜಿನ ಮೇಲಿಟ್ಟು, "ಹನ್ನೆರಡು ಕಾಪಿ. ಮಧ್ಯಾಹ್ನದೊಳಗೆ ಬೇಕು" ಎಂದ. ಕಲ್ಲುಗುಂಡಿ ಹಳ್ಳಕ್ಕೆ ಅಡ್ಡಗಟ್ಟೆ ಹಾಕಿ ವಿದ್ಯುತ್ ತೆಗೆಯುವ ಕಿರು ಯೋಜನೆಯ ವರದಿ ಅದು. ಕಲ್ಲುಗುಂಡಿ ಹಳ್ಳವೆಂದರೆ ಇವರ ಲೈನಿನ ಹೆಂಗಸರು ಬಟ್ಟೆ ಒಗೆಯುವ, ಕುಡಿಯುವ ನೀರು ಹೊರುವ ಹಳ್ಳ.

ಸ್ವಾತಿ ಹಾಳೆ ಹಾಕುತ್ತಾ ಓದುತ್ತಾ ಹೋದಳು. ಹೊಗೆಯಿಲ್ಲದ ವಿದ್ಯುತ್ತು, ಹವಾಮಾನ ವೈಪರೀತ್ಯಕ್ಕೆ ಉತ್ತರ ಎಂದೆಲ್ಲ ಬರೆದಿತ್ತು. ಓದಲು ಚೆನ್ನಾಗಿಯೇ ಇತ್ತು. ನಲವತ್ತೇಳನೇ ಪುಟಕ್ಕೆ ಬಂದಾಗ ಕೈ ನಿಂತಿತು. "ಯೋಜನಾ ಸ್ಥಳದಿಂದ ಎರಡು ಕಿಲೋಮೀಟರ್ ವ್ಯಾಪ್ತಿಯಲ್ಲಿ ಜನವಸತಿ ಇರುವುದಿಲ್ಲ."

ಮತ್ತೊಂದು ಸಲ ಓದಿದಳು. ಜೀಪಿನವನು ಬಂದಾಗ ಧೈರ್ಯ ಮಾಡಿ, "ಸಾರ್, ಇದರಲ್ಲೊಂದು ತಪ್ಪಾಗಿದೆ" ಎಂದಳು.

"ಜೆರಾಕ್ಸ್ ಮಾಡೋರು ತಪ್ಪು ಹುಡುಕೋದಕ್ಕೆ ಯಾವಾಗ ಶುರು ಮಾಡಿದ್ರು?" ಅವನು ನಕ್ಕು ಕಟ್ಟು ಎತ್ತಿಕೊಂಡು ಹೋದ.

ವರದಿಯ ಜೊತೆ ಒಂದು ಪ್ರಕಟಣೆಯೂ ಇತ್ತು. ಮಾರ್ಚ್ ಎರಡನೇ ವಾರ ಚಿಕ್ಕಮಗಳೂರಿನಲ್ಲಿ ಸಭೆ. ಜಿಲ್ಲೆಯ ಗಾಳಿ ವಿದ್ಯುತ್, ಕಿರು ಜಲವಿದ್ಯುತ್ ಯೋಜನೆಗಳ ಬಗ್ಗೆ ಯುವಜನರು ಅಭಿಪ್ರಾಯ ಹೇಳಬಹುದು. ಆ ದಿನದಿಂದ ಸ್ವಾತಿಗೆ ಊಟ ರುಚಿಸಲಿಲ್ಲ. ಹೋಗಬೇಕು ಅನ್ನಿಸುತ್ತಿತ್ತು. ಹೋಗಿ ಏನು ಹೇಳುವುದು ಅನ್ನುವುದು ತಿಳಿಯುತ್ತಿರಲಿಲ್ಲ. ಯೋಜನೆ ಬೇಡ ಎನ್ನಲು ಅವಳಿಗೆ ಬಾಯಿ ಬರುತ್ತಿರಲಿಲ್ಲ. ಕರೆಂಟಿಗಾಗಿ ಇಡೀ ಲೈನೇ ಕಾಯುತ್ತಿತ್ತಲ್ಲ.

"ನೋಡು ಮಗಾ, ಎಲ್ಲೋ ಒಂದು ಕಡೆ ಕರೆಂಟ್ ಮಾಡ್ತೀವಿ ಅಂತಿದಾರೆ. ನೀನು ಹೋಗಿ ಅಡ್ಡ ಮಾತಾಡ್ಬೇಡ" ಎಂದ ಗಿಡ್ಡಪ್ಪ.

"ನಾವು ಇಲ್ಲೇ ಇಲ್ಲ ಅಂತ ಬರ್ದಿದಾರೆ ಅಪ್ಪ."

"ಅವರು ಬರೆದ್ರೆ ನಾವು ಇಲ್ದಂಗೆ ಆಗ್ತೀವಾ?"

ಭಾನುವಾರ ಬೆಳಿಗ್ಗೆ ಭಟ್ಟರಿಂದ ಐವತ್ತು ಮೀಟರಿನ ನೈಲಾನ್ ಹಗ್ಗ ಕೇಳಿ ತಂದಳು. ಯೋಜನೆಯ ಕಂಪನಿಯವರು ಅಡ್ಡಗಟ್ಟೆಯ ಗುರುತಿಗೆ ಹಳ್ಳದ ದಂಡೆಯಲ್ಲಿ ಕೆಂಪು ಬಣ್ಣ ಬಳಿದು ನಿಲ್ಲಿಸಿದ್ದ ಕಲ್ಲಿನ ಹತ್ತಿರ ಮರಿಯಮ್ಮ ಹಗ್ಗದ ಒಂದು ತುದಿ ಹಿಡಿದು ನಿಂತಳು, ಇನ್ನೊಂದು ತುದಿ ಎಳೆದುಕೊಂಡು ಸ್ವಾತಿ ಏರು ಹತ್ತಿದಳು. "ಇದೆಂಥಾ ಹುಚ್ಚೋ ನಿಂದು" ಎಂದು ಅವ್ವ ಬೈಯುತ್ತಲೇ ಹಿಂದೆ ಹಿಂದೆ ಬಂದಳು. ಹದಿಮೂರು ಸಲ ಹಗ್ಗ ಎಳೆದಾಗ ಲೈನಿನ ಮೊದಲ ಮನೆಯ ಜಗಲಿ ಸಿಕ್ಕಿತು. ಆರುನೂರೈವತ್ತು ಮೀಟರ್. ಮರಿಯಮ್ಮ ಬೈಗುಳ ನಿಲ್ಲಿಸಿ ಸೆರಗಿನಿಂದ ಮುಖ ಒರೆಸಿಕೊಂಡು, "ಹಂಗಾರೆ ಅವರು ಇಲ್ಲಿಗೆ ಹತ್ತೇ ಬಂದಿಲ್ಲ" ಎಂದಳು.

ಸಭೆಯ ದಿನ ಭಟ್ಟರಿಗೆ ಹೇಳಿ, ಮೊದಲ ಬಸ್ಸಿಗೆ ಹೊರಟಳು. ಸಭಾಂಗಣದ ಬಾಗಿಲಲ್ಲಿ ಯಶವಂತ ಎಂಬ ಹುಡುಗ ಅವಳ ಹೆಸರು ಬರೆದುಕೊಂಡು ಬ್ಯಾಡ್ಜ್ ಕೊಟ್ಟ. ಕಾಫಿ ತೋಟದವರ ಮಗ, ಚಿಕ್ಕಮಗಳೂರಿನ ಕಾಲೇಜಿನಲ್ಲಿ ಪರಿಸರ ಸಂಘ ಕಟ್ಟಿದ್ದವನು. ಮೂಡಿಗೆರೆ ಕಡೆಯಿಂದ ಯಾರೂ ಮಾತಾಡುವವರಿಲ್ಲ ಎಂದು ಅವನೊಂದು ಚೀಟಿ ಅವಳ ಕೈಗಿಟ್ಟ. "ಇದನ್ನ ಓದಿದ್ರೆ ಸಾಕು, ಎರಡೇ ನಿಮಿಷ." ಚೀಟಿಯಲ್ಲಿ, ನಮ್ಮ ಹಸಿರು ಬೆಟ್ಟಗಳಿಗೆ ಯಾವ ಯೋಜನೆಯೂ ಬೇಡ ಎಂದಿತ್ತು. ವೇದಿಕೆಯ ಮೇಲೆ ಕಂಪನಿಯ ಎಂಜಿನಿಯರು ಜಿಲ್ಲೆಗೆಲ್ಲ ಬೆಳಕು ಎನ್ನುತ್ತಿದ್ದರು. ಸ್ವಾತಿ ಕುರ್ಚಿಯ ತುದಿಗೆ ಕೂತು ಕಾಲು ಅಲ್ಲಾಡಿಸುತ್ತಿದ್ದಳು. ಈ ಕಡೆಯವರೂ, ಆ ಕಡೆಯವರೂ ಲೈನಿನ ಹೆಸರೆತ್ತಲಿಲ್ಲ.

ಊಟದ ನಂತರ ಅವಳ ಹೆಸರು ಕರೆದರು. ಮೈಕಿನ ಮುಂದೆ ನಿಂತಾಗ ಚೀಟಿ ಬೆವರಿಗೆ ಒದ್ದೆಯಾಗಿತ್ತು. ಅದನ್ನು ಮಡಚಿ ಮುಷ್ಟಿಯಲ್ಲಿಟ್ಟುಕೊಂಡಳು.

"ವರದಿಯ ನಲವತ್ತೇಳನೇ ಪುಟದಲ್ಲಿ ಹಳ್ಳದ ಹತ್ರ ಜನವಸತಿ ಇಲ್ಲ ಅಂತಿದೆ ಸಾರ್. ನಾನು ಆ ಇಲ್ಲದ ಜನವಸತಿಯಿಂದ ಬಂದಿದ್ದೀನಿ."

ಸಭೆಯಲ್ಲಿ ಯಾರೋ ನಕ್ಕರು. ಅಧ್ಯಕ್ಷತೆ ವಹಿಸಿದ್ದ ಅಧಿಕಾರಿ ಕನ್ನಡಕ ತೆಗೆದರು. "ನೀವು ಯೋಜನೆಯ ಪರವೋ, ವಿರೋಧವೋ?"

"ನಮ್ಮನ್ನ ಲೆಕ್ಕಕ್ಕೆ ತಗೊಂಡ ಮೇಲೆ ಹೇಳ್ತೀನಿ ಸಾರ್. ನಮಗೂ ಕರೆಂಟ್ ಬೇಕು. ಆದರೆ ಹಳ್ಳದ ನೀರು ಪೈಪಿಗೆ ಹೋದ್ರೆ ಬೇಸಿಗೇಲಿ ನಾವು ಏನು ಕುಡಿಬೇಕು ಅಂತ ವರದೀಲಿ ಇಲ್ಲ. ಆಗೋ ಕರೆಂಟು ನಮ್ಮ ಲೈನಿಗೆ ಬರ್ತದಾ, ಅದೂ ಇಲ್ಲ."

"ಎಷ್ಟು ಮನೆಗಳಿವೆ?"

ಅವಳು ಹೆಸರು ಹೇಳತೊಡಗಿದಳು. ಮಂಜಯ್ಯನ ಮನೆ, ಬಸಮ್ಮನ ಮನೆ, ತಂಗಮ್ಮನ ಮನೆ... ಎಂಟನೆಯದಕ್ಕೆ ಅಧಿಕಾರಿ ಕೈಯೆತ್ತಿ, "ಬರೆದು ಕೊಡಿ" ಎಂದರು.

"ಬರೆದೇ ತಂದಿದ್ದೀನಿ, ಹಗ್ಗದಲ್ಲಿ ಅಳೆದ ದೂರಾನೂ ಇದೆ. ಎರಡು ಪ್ರತಿ ಇದೆ ಸಾರ್. ನನ್ನ ಪ್ರತಿಗೊಂದು ಸೀಲು ಹಾಕಿಕೊಡಿ."

ಸೀಲಿಲ್ಲದ ಅರ್ಜಿಗಳ ಗತಿ ಏನಾಗುತ್ತದೆಂದು ಜೆರಾಕ್ಸ್ ಅಂಗಡಿಯವಳಿಗೆ ಚೆನ್ನಾಗಿ ಗೊತ್ತಿತ್ತು. ಗುಮಾಸ್ತ ಸೀಲು ಹುಡುಕಿ ಒತ್ತುವವರೆಗೆ ಅವಳು ಮೈಕು ಬಿಡಲಿಲ್ಲ.

ಸಂಜೆ ಬಸ್‌ಸ್ಟ್ಯಾಂಡಿಗೆ ಯಶವಂತ ಹುಡುಕಿಕೊಂಡು ಬಂದ. ಚೀಟಿ ಓದಲಿಲ್ಲವೆಂದು ಜಗಳಕ್ಕೆ ಬಂದನೆಂದೇ ಅವಳು ತಿಳಿದಳು. ಆದರೆ ಅವನು, "ಆ ಹಳ್ಳಕ್ಕೆ ನಾವು ಎಷ್ಟೋ ಸಲ ಚಾರಣ ಬಂದಿದ್ದೀವಿ. ಮೇಲೆ ಲೈನಿರೋದು ನಮಗೂ ಗೊತ್ತಿರ್ಲಿಲ್ಲ" ಎಂದ.

ಎರಡು ತಿಂಗಳಲ್ಲಿ ಮರುಸರ್ವೆ ನಡೆಯಿತು. ಮನೆಗಳನ್ನು ಎಣಿಸಿದರು, ಬೇಸಿಗೆಯ ನೀರು ಅಳೆದರು. ಹೇಳಿದಷ್ಟು ನೀರಿಲ್ಲವೆಂದು ಕಂಪನಿ ಯೋಜನೆಯನ್ನೇ ಬಿಟ್ಟುಹೋಯಿತು. ಲೈನಿನಲ್ಲಿ ಯಾರೂ ಖುಷಿಪಡಲಿಲ್ಲ. "ಬರೋ ಕರೆಂಟನ್ನ ಗಿಡ್ಡಪ್ಪನ ಮಗಳು ತಪ್ಪಿಸಿದ್ಲು" ಎಂದು ಪಕ್ಕದ ಮನೆಯ ರುಕ್ಮಿಣಮ್ಮ ಅವಳ ಜೊತೆ ಮಾತು ಬಿಟ್ಟಳು. ಸ್ವಾತಿಗೆ ಅದು ಚುಚ್ಚುತ್ತಲೇ ಇತ್ತು. ತಾನು ಮಾಡಿದ್ದು ಸರಿಯೋ ಎಂದು ಯೋಚಿಸುತ್ತಾ ಮೂರು ಮೈಲಿ ನಡೆದು ಮನೆಗೆ ಬರುತ್ತಿದ್ದಳು. ಕೊನೆಗೆ ಮನೆ ಮನೆಗೆ ಹೋಗಿ ಕರೆಂಟಿನ ಅರ್ಜಿ ಬರೆದಳು. ರುಕ್ಮಿಣಮ್ಮನದನ್ನೂ ಬರೆದಳು; ಅವಳು ಮುಖ ತಿರುಗಿಸಿಕೊಂಡೇ ಹೆಬ್ಬೆಟ್ಟು ಒತ್ತಿದಳು. ಎಸ್ಟೇಟಿನ ಒಪ್ಪಿಗೆ ಪತ್ರಕ್ಕಾಗಿ, ಲೆಕ್ಕ ಬರೆಯುವ ರೈಟರ ಹಿಂದೆ ಒಂದು ಮಳೆಗಾಲ ಪೂರ್ತಿ ತಿರುಗಿದಳು. ಮೂಡಿಗೆರೆಯ ವಿದ್ಯುತ್ ಕಚೇರಿಗೆ ಹೋದದ್ದಕ್ಕೆ ಲೆಕ್ಕವಿಲ್ಲ. ೨೦೦೯ರ ಜನವರಿಯಲ್ಲಿ ಹತ್ತೊಂಬತ್ತು ಮನೆಗೆ ತಂತಿ ಎಳೆದರು. ಉಳಿದ ಹನ್ನೆರಡು ಮನೆಗೆ ಇನ್ನೊಂದು ಕಂಬ ಬೇಕೆಂದರು. ಆ ಹನ್ನೆರಡರಲ್ಲಿ ಗಿಡ್ಡಪ್ಪನ ಮನೆಯೂ ಒಂದು.

ಆ ವರ್ಷವೇ ಜಿಲ್ಲೆಯಿಂದ ಮತ್ತೊಂದು ಕಾಗದ ಬಂತು. ಹವಾಮಾನ ಮತ್ತು ವಿದ್ಯುತ್ ಕುರಿತು ಸಲಹೆ ಕೊಡಲು ಯುವ ಪ್ರತಿನಿಧಿಯಾಗಿ ಬರಬೇಕೆಂದು. ಸಭೆ ಬುಧವಾರ. ಸ್ವಾತಿ ಅಂಗಡಿಯಲ್ಲೇ ನಿಂತು ಉತ್ತರ ಬರೆದಳು: ನಾನೊಬ್ಬಳು ಬಂದರೆ ಸಾಲದು, ಲೈನಿನವರೂ ಮಾತಾಡಬೇಕು. ಬುಧವಾರ ಕೆಲಸ ಬಿಟ್ಟು ಬಂದರೆ ನಮ್ಮವರಿಗೆ ಕೂಲಿ ಇಲ್ಲ, ಭಾನುವಾರ ಕೊಟ್ಟಿಗೆಹಾರದ ಶಾಲೆಯಲ್ಲಿ ಸಭೆ ಮಾಡಿ. ನಾಲ್ಕು ಸಲ ಬರೆದಳು, ಯಶವಂತ ಎರಡು ಸಲ ಕಚೇರಿಗೆ ಹೋಗಿ ಕೇಳಿದ. ಐದನೆಯ ಕಾಗದಕ್ಕೆ ಒಪ್ಪಿದರು.

ಆ ಭಾನುವಾರ ಶಾಲೆಯ ಬೆಂಚುಗಳು ಸಾಲದೆ ಜನ ಗೋಡೆಗೆ ಒರಗಿ ನಿಂತರು. ಯುವಕರು ಮೊದಲು ಮಾತಾಡಲಿ ಎಂದರು ಅಧಿಕಾರಿಗಳು. ಸ್ವಾತಿ ಎದ್ದು ಏನೋ ಹೇಳಲು ಹೊರಟಾಗ ಹಿಂದಿನಿಂದ ಮರಿಯಮ್ಮ, "ನೀನು ಕೂತ್ಕೊ ಸ್ವಲ್ಪ" ಎಂದು ಅವಳ ಭುಜ ಒತ್ತಿ ಕೂರಿಸಿ, ತಾನೇ ಮಾತಿಗೆ ನಿಂತಳು.

"ಜನವರೀಲಿ ಮಳೆ ಹುಯ್ಯೋದು ನಾನು ಕಂಡಿರ್ಲಿಲ್ಲ ಸಾರ್. ಈಗ ಹುಯ್ತದೆ. ಕಣದಲ್ಲಿ ಒಣಗೋ ಕಾಫಿ ನೆನೆದ್ರೆ ಸಾವ್ಕಾರ್ರು ನಿಮಗೆ ಹೇಳ್ತಾರೆ. ಅವತ್ತು ನಮಗೆ ಕೆಲಸ ಇಲ್ದೇ ಇರೋದನ್ನ ಯಾರು ಹೇಳ್ತಾರೆ? ಅದನ್ನೂ ಬರ್ಕೊಳ್ಳಿ."

ಅಧಿಕಾರಿ ಬರೆದುಕೊಂಡರು. ಮರಿಯಮ್ಮ ನಿಂತೇ ಇದ್ದಳು. ಹೇಳುವುದು ಇನ್ನೂ ಇತ್ತು.