ಅಕ್ಕನ ಕಂಠ, ತಮ್ಮನ ಹೆಸರು

ಆಸ್ಪತ್ರೆಯ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ಅವಳಿಗೆ ಕೆಲಸ. ಹುಟ್ಟಿದಾಗ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಮನೆಯಲ್ಲಿ, ಕೆಲಸದಲ್ಲಿ, ಬೀದಿಯಲ್ಲಿ ಎಲ್ಲರಿಗೂ ಅವಳು ದುಂಬಿ. ಚಿಕ್ಕಂದಿನಿಂದಲೂ ಬಾಯಿ ಮುಚ್ಚಿಕೊಂಡೇ ಏನಾದರೊಂದು ಗುನುಗುತ್ತಿದ್ದಳು. ತೊಟ್ಟಿಲಲ್ಲಿ ಅತ್ತದ್ದಕ್ಕಿಂತ ಗುಂಯ್‌ಗುಟ್ಟಿದ್ದೇ ಹೆಚ್ಚು ಎಂದು ತಾಯಿ ಬಂದವರಿಗೆಲ್ಲ ಹೇಳುತ್ತಿದ್ದರು.

ಲಾಂಡ್ರಿ ಇದ್ದದ್ದು ನೆಲಮಾಳಿಗೆಯಲ್ಲಿ. ಅಲ್ಲಿ ಪಕ್ಕದವರ ಮಾತು ಪಕ್ಕದವರಿಗೆ ಕೇಳಿಸುತ್ತಿರಲಿಲ್ಲ. ಆಳೆತ್ತರದ ಡ್ರಮ್ಮುಗಳು ದಿನವಿಡೀ ತಿರುಗುತ್ತಿದ್ದವು. ಒದ್ದೆ ಹೊದಿಕೆಗಳು ಒಂದೇ ಕಡೆ ಗಂಟುಕಟ್ಟಿಕೊಂಡರೆ ಯಂತ್ರ ಕುಂಟಲು ಶುರುಮಾಡುತ್ತಿತ್ತು: ಧಡ್, ಧಡ್ ಧಡ್, ಧಡ್. ಆ ಕುಂಟುವ ತಾಳಕ್ಕೆ ದುಂಬಿ ಗುನುಗುತ್ತಿದ್ದಳು. ಅವಳು ಗುನುಗುವುದು ಅವಳಿಗೂ ಕೇಳಿಸುತ್ತಿರಲಿಲ್ಲ. ಎದೆಯಲ್ಲಿ ನಡುಗುವುದು ಮಾತ್ರ ಗೊತ್ತಾಗುತ್ತಿತ್ತು.

ಅವಳ ತಮ್ಮನದು ಜಾಹೀರಾತುಗಳಿಗೆ ದನಿ ರೆಕಾರ್ಡ್ ಮಾಡಿಕೊಡುವ ಪುಟ್ಟ ಸ್ಟುಡಿಯೋ. ತನ್ನ ಹಳೇ ಲ್ಯಾಪ್‌ಟಾಪನ್ನು ಅಕ್ಕನಿಗೆ ಕೊಟ್ಟವನು ಅವನೇ. ಶಬ್ದಗಳನ್ನು ಕತ್ತರಿಸಿ ಜೋಡಿಸುವ ಸಾಫ್ಟ್‌ವೇರ್ ಹಾಕಿಕೊಟ್ಟು, ಎಲ್ಲಿ ಒತ್ತಿದರೆ ಏನಾಗುತ್ತದೆ ಎಂದು ಒಂದು ಭಾನುವಾರ ಪಕ್ಕದಲ್ಲಿ ಕೂತು ತೋರಿಸಿಕೊಟ್ಟ. ಆ ಉಪಕಾರವನ್ನು ದುಂಬಿ ಯಾವತ್ತೂ ಇಲ್ಲ ಅನ್ನಲಿಲ್ಲ. ಆದರೆ ನಡೆಯುವುದನ್ನು ಕಲಿಸಿದವನು ನಡೆದ ದಾರಿಯೆಲ್ಲ ತನ್ನದೇ ಅಂದರೆ ಹೇಗೆ?

ಮೊದಲ ಆಲ್ಬಂಗೆ ಅವಳು ‘ಮೆತ್ತಗೆ’ ಎಂದು ಹೆಸರಿಟ್ಟು ಇಂಟರ್ನೆಟ್ಟಿಗೆ ಹಾಕಿದಳು. ಕೀಬೋರ್ಡಿನ ಸರಳ ರಾಗ, ಸಣ್ಣ ತಾಳ, ಅದರ ಮೇಲೆ ಅವಳ ತೆಳ್ಳನೆಯ ದನಿ. ಅದು ಹೇಗೋ ಒಂದಿಷ್ಟು ಜನರ ಕಿವಿಗೆ ಬಿತ್ತು. ಅವರೆಲ್ಲ ಬರೆದದ್ದು ಹೆಚ್ಚುಕಡಿಮೆ ಒಂದೇ ಮಾತು: ‘ಇದನ್ನ ಹಾಕ್ಕೊಂಡ್ರೆ ಬೇಗ ನಿದ್ದೆ ಬರುತ್ತೆ.’ ಹೊಗಳಿಕೆಯೇ ನಿಜ. ಆದರೂ ಓದಿ ಓದಿ ಅವಳಿಗೆ ರೇಗುತ್ತಿತ್ತು. “ನಾನೇನು ಹಾಡ್ತಿದೀನೋ ಮಾತ್ರೆ ಮಾರ್ತಿದೀನೋ?” ಎಂದು ತಾಯಿಯ ಹತ್ತಿರ ಗೊಣಗಿದಳು. “ಜನ ಮಲಗಿದ್ರೆ ನಿನಗೇನು ನಷ್ಟ, ಬೈದ್ರಾ?” ಅಂದರು ತಾಯಿ.

ಎರಡನೆಯದನ್ನು ಯಾರೂ ಮಲಗದ ಹಾಗೆ ಮಾಡುತ್ತೇನೆಂದು ಅವಳು ಹಟ ಹಿಡಿದಳು. ಏಪ್ರನ್ನಿನ ಜೇಬಿನಲ್ಲಿ ಫೋನಿಟ್ಟುಕೊಂಡು ಲಾಂಡ್ರಿಯ ಸದ್ದುಗಳನ್ನೆಲ್ಲ ಹಿಡಿದಳು. ಡ್ರಮ್ಮು ಕುಂಟುವುದು, ನೀರು ಕುಡಿಯುವುದು, ಇಸ್ತ್ರಿ ಯಂತ್ರದ ಬಾಯಿ ತೆರೆದಾಗ ಹಬೆ ಬುಸ್ಸೆನ್ನುವುದು. ಸಂಜೆ ಮನೆಗೆ ಬಂದು ಅವನ್ನು ಕತ್ತರಿಸಿ, ಎಳೆದು, ಮಡಚಿ, ತನ್ನ ದನಿಯನ್ನೂ ಚೂರುಚೂರು ಮಾಡಿ ಅವುಗಳ ನಡುವೆ ನೆಟ್ಟಳು. ಹೆಸರು ‘ಹಿಂಡು’ ಎಂದಿಟ್ಟಳು.

ಅದರಲ್ಲಿ ಮೂರನೇ ಹಾಡಿಗೆ ತಾಳ ಎಂಬುದೇ ಇರಲಿಲ್ಲ. ಬರೀ ಉಸಿರು. ಅದು ಇಸ್ತ್ರಿ ಯಂತ್ರದ ಮುಂದೆ ನಿಲ್ಲುತ್ತಿದ್ದ ಹಿರಿಯ ಹೆಂಗಸಿನದು. ಲಾಂಡ್ರಿಯವರೆಲ್ಲ ಆಕೆಯನ್ನು ಚಿಕ್ಕಮ್ಮ ಅನ್ನುತ್ತಿದ್ದರು. ಬ್ಲೀಚಿನ ಘಾಟು, ಹಬೆ ಕುಡಿದು ಕುಡಿದು ಆಕೆಯ ಎದೆ ತೂತು ಬಿದ್ದ ತಿದಿಯ ಹಾಗೆ ಸುಯ್‌ಗುಡುತ್ತಿತ್ತು. ರೆಕಾರ್ಡ್ ಮಾಡಿಕೊಳ್ಳಲಾ ಎಂದು ದುಂಬಿ ಕೇಳಿದಾಗ ಚಿಕ್ಕಮ್ಮ ನಕ್ಕು, “ಹಿಡ್ಕೋ ಮಾರಾಯ್ತಿ, ನನ್ನ ಕೆಮ್ಮಾದ್ರೂ ಎಲ್ಲಾದ್ರೂ ಉದ್ಧಾರ ಆಗ್ಲಿ” ಅಂದಿದ್ದರು. ಆಲ್ಬಂ ಹೊರಬರುವ ಮೊದಲೇ ಲಾಂಡ್ರಿಯ ಮೇಸ್ತ್ರಿ ಆಕೆಯನ್ನು ಕೆಲಸದಿಂದ ಬಿಡಿಸಿದ. ಕೆಮ್ಮುವವರು ಆಸ್ಪತ್ರೆಯ ಬಟ್ಟೆ ಮುಟ್ಟಬಾರದಂತೆ.

ಕೊನೆಯಲ್ಲಿ ಎಲ್ಲ ಹಾಡುಗಳ ಸದ್ದಿನ ಏರಿಳಿತ ಸರಿಮಾಡಿಕೊಡು ಎಂದು ದುಂಬಿ ತಮ್ಮನ ಸ್ಟುಡಿಯೋಗೆ ಹೋದಳು. ಅವನು ಒಂದು ಮಧ್ಯಾಹ್ನ ಕೂತು ಮಾಡಿಕೊಟ್ಟ. ನಡುನಡುವೆ ಹೆಡ್‌ಫೋನ್ ತೆಗೆದು ಹಣೆ ಒತ್ತಿಕೊಂಡು, “ಅಕ್ಕ, ಯಾರೇ ಕೇಳ್ತಾರೆ ಇದನ್ನ? ತಲೆ ಸಿಡಿಯುತ್ತೆ” ಅಂದ.

ಕೇಳುಗರು ಅವನ ಮಾತನ್ನೇ ನಿಜ ಮಾಡಿದರು. ‘ಮಿಕ್ಸಿಗೆ ಜಲ್ಲಿಕಲ್ಲು ಹಾಕಿ ತಿರುಗಿಸಿದಂತಿದೆ’ ಎಂದು ಒಬ್ಬ ಬರೆದ. ‘ಅಕ್ಕಾ, ಯಾರೋ ಮಾಟ ಮಾಡಿಸಿದಾರಾ ನಿಮಗೆ? ಹಳೇ ತರ ಹಾಡಿ’ ಎಂದು ಇನ್ನೊಬ್ಬಳು. ಕೆಲಸದ ಗೆಳತಿಯರಿಗೆ ಊಟದ ಬಿಡುವಿನಲ್ಲಿ ಕೇಳಿಸಿದರೆ, ಅವರು ಕಿವಿ ಮುಚ್ಚಿಕೊಂಡು ನಕ್ಕರು. “ಇಡೀ ದಿನ ಪುಕ್ಕಟೆ ಕೇಳೋದು ಸಾಲದು ಅಂತ ಇದು ಬೇರೆ” ಅಂದರು. ಅದಕ್ಕೆ ಮಾತ್ರ ದುಂಬಿಯೂ ನಕ್ಕಳು. ಉಳಿದ ಬೈಗುಳಗಳೂ ಅವಳನ್ನು ಅಷ್ಟು ಸುಡಲಿಲ್ಲ. ನಿದ್ದೆ ಹೋಗುವುದಕ್ಕಿಂತ ಬೈಯುವುದು ಮೇಲು ಎಂದುಕೊಂಡಳು.

ಸುಟ್ಟದ್ದು ಹೊಗಳಿಕೆ.

ಸಂಗೀತದ ಬಗ್ಗೆ ಬರೆಯುವ, ಬಹಳ ಜನ ಓದುವ ಒಬ್ಬ ವಿಮರ್ಶಕರು ‘ಹಿಂಡು’ ಕುರಿತು ಉದ್ದಕ್ಕೆ ಬರೆದರು. ಇಂಥದ್ದನ್ನು ಈಚೆಗೆ ಕೇಳಿಯೇ ಇಲ್ಲ ಎಂದರು. ಸ್ಟುಡಿಯೋದಲ್ಲಿ ಕಂಪ್ಯೂಟರಿನ ಮುಂದೆ ತಮ್ಮ ಕೂತು, ಹಿಂದೆ ಅಕ್ಕ ನಿಂತ ಒಂದು ಫೋಟೋ ಸಿಕ್ಕಿತ್ತೇನೋ, ಅದನ್ನೂ ಹಾಕಿದ್ದರು. ಕೆಳಗೆ ಹೀಗಿತ್ತು: ‘ಅಕ್ಕನ ಮುಗ್ಧ ಕಂಠವನ್ನು ತಮ್ಮನು ಯಂತ್ರಲೋಕದೊಳಗೆ ಕೈಹಿಡಿದು ನಡೆಸಿದ್ದಾನೆ. ಈ ಶಬ್ದಶಿಲ್ಪದ ಹಿಂದಿನ ಮಿದುಳು ಅವನದು.’

ಮಿಕ್ಸಿ ಅಂದವನೇ ಮರುದಿನ ‘ಮತ್ತೆ ಕೇಳಿದೆ, ಬೇರೆಯೇ ಲೋಕ. ನಿಮ್ಮ ತಮ್ಮನಿಗೆ ನಮಸ್ಕಾರ’ ಎಂದು ಬರೆದ. ಅದನ್ನು ಓದಿದಾಗ ದುಂಬಿ ಹೊದಿಕೆ ಮಡಚುತ್ತಿದ್ದಳು. ಅಂಚಿಗೆ ಅಂಚು ಕೂಡಿಸುವುದನ್ನು ಬಿಟ್ಟು ಅದನ್ನು ಮುದ್ದೆ ಮಾಡಿ ಬುಟ್ಟಿಗೆ ಎಸೆದಳು.

ಅಂದೇ ಸಂಜೆ ತಮ್ಮನ ಸ್ಟುಡಿಯೋಗೆ ಹೋದಳು. ಅವನ ಮುಖ ಅರಳಿತ್ತು. ಗೋಡೆಗೆ ಆ ಬರಹದ ಪ್ರತಿ ಅಂಟಿಸಿಯಾಗಿತ್ತು.

“ಇದೇನೋ?”

“ನಾನೇನು ಬರೆದ್ನಾ ಅಕ್ಕ? ಅವರಾಗೇ ಬರೆದಿದ್ದು.”

“ನಾನಲ್ಲ ಅಂತ ಒಂದು ಮಾತು ಹೇಳಿದ್ಯಾ?”

“ಹೇಳ್ಬಹುದಿತ್ತು. ಆದ್ರೆ ನೋಡು, ಇದು ಬಂದ್ಮೇಲೇ ತಾನೆ ಜನ ಕೇಳ್ತಿರೋದು? ಲಾಭ ಇಬ್ರಿಗೂ ಇದೆ. ನನಗೂ ಎರಡು ಒಳ್ಳೆ ಕೆಲಸ ಬಂತು.”

“ತಲೆ ಸಿಡಿಯುತ್ತೆ ಅಂದಿದ್ದೆ. ಯಾರ ಮಿದುಳು ಸಿಡೀತೋ ಆಗ?”

ಮನೆಗೆ ಬಂದು ತಾಯಿಯ ಹತ್ತಿರ ಹೇಳಿಕೊಂಡರೆ ಅವರು, “ಒಡಹುಟ್ಟಿದೋನಲ್ವೇನೇ. ಅವನ ಹೆಸರು ಬಂದ್ರೆ ನಿನ್ನ ಹೆಸರು ಬಂದ ಹಾಗೇ” ಎಂದರು. “ಹಾಗಾದ್ರೆ ನನ್ನ ಹೆಸರೇ ಬರ್ಲಿ, ಅವನ ಹೆಸರು ಬಂದ ಹಾಗಾಗುತ್ತೆ” ಅಂದಳು ದುಂಬಿ. ತಾಯಿ ಒಲೆಯ ಕಡೆ ತಿರುಗಿಕೊಂಡರು.

ವಿಮರ್ಶಕರಿಗೆ ಫೋನು ಮಾಡಿದಳು. ಅವರು ಸೌಜನ್ಯದಿಂದಲೇ ಮಾತಾಡಿದರು. ಅದೇ ಇನ್ನೂ ಉರಿಸಿತು.

“ಅಲ್ಲಮ್ಮಾ, ನಾನು ಇಷ್ಟೊಂದು ಹೊಗಳಿದೀನಲ್ಲ.”

“ಯಾರನ್ನ ಸಾರ್?”

“ನಿಮ್ಮ ಕಂಠದ ಬಗ್ಗೆ ಒಂದು ಪ್ಯಾರಾನೇ ಇದೆ ನೋಡಿ. ಆದ್ರೆ ಆ ರಚನೆ ಇದೆಯಲ್ಲ, ಅದು ಯಂತ್ರಗಳನ್ನ ಒಳಗಿಂದ ಬಲ್ಲ ಕೈ. ಕೇಳಿದ ತಕ್ಷಣ ಗೊತ್ತಾಗುತ್ತೆ.”

“ಆ ಕೈಯೇ ಸಾರ್ ಈಗ ಫೋನ್ ಹಿಡ್ಕೊಂಡಿರೋದು” ಎಂದಳು. ಆ ಕಡೆಯಿಂದ ಸಣ್ಣ ನಗು ಕೇಳಿಸಿತು. ಪರಿಶೀಲಿಸುತ್ತೇನೆ ಎಂದು ಅವರು ಫೋನಿಟ್ಟರು.

ಪರಿಶೀಲನೆ ನಡೆದಂತೆ ಕಾಣಲಿಲ್ಲ. ಬದಲಿಗೆ, ಒಂದು ಪುಸ್ತಕದಂಗಡಿಯ ಮಹಡಿಯಲ್ಲಿ ‘ಹಿಂಡು’ ಪೂರ್ತಿ ಕೇಳಿಸಿ ಚರ್ಚೆ ಮಾಡುತ್ತೇವೆಂದು ಅಕ್ಕತಮ್ಮ ಇಬ್ಬರಿಗೂ ಕರೆ ಬಂತು. ಹೋಗಬೇಡ ಎಂದು ಅವಳ ಸಿಟ್ಟು ಹೇಳಿತು. ಹೋಗದಿದ್ದರೆ ಅಲ್ಲಿ ಅವನೊಬ್ಬನೇ ಕೂತಿರುತ್ತಾನಲ್ಲ ಎಂದು ಅದೇ ಸಿಟ್ಟು ಮತ್ತೆ ಹೇಳಿತು. ಹೋದಳು.

ಮಡಚುವ ಕುರ್ಚಿಗಳು, ಎರಡು ದೊಡ್ಡ ಸ್ಪೀಕರು, ಕಣ್ಣು ಮುಚ್ಚಿ ತಲೆದೂಗುತ್ತಿದ್ದ ಜನ. ಮುಂದಿನ ಸಾಲಿನಲ್ಲಿ ವಿಮರ್ಶಕರು. ಹಾಡುಗಳು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಹೇಗೆ ಮಾಡಿದಿರಿ ಎನ್ನುವ ಪ್ರಶ್ನೆಗೆಲ್ಲ ಮೈಕು ತಮ್ಮನ ಕೈಗೆ ಹೋಗುತ್ತಿತ್ತು. ಹಾಡುವಾಗ ಏನನ್ನಿಸಿತು ಎನ್ನುವುದಕ್ಕೆ ಮಾತ್ರ ಅವಳ ಕೈಗೆ.

ಆಮೇಲೆ ಹಿಂದಿನ ಸಾಲಿನಿಂದ ಒಬ್ಬ ಕಾಲೇಜು ಹುಡುಗಿ ಎದ್ದು ಕೇಳಿದಳು. “ಮೂರನೇದ್ರಲ್ಲಿ ಬರೋ ಆ ಶಬ್ದ ಏನು? ಕೇಳ್ತಾ ಕೇಳ್ತಾ ನನಗೇ ಉಸಿರು ಕಟ್ಟಿತು.”

ಮೈಕು ತಮ್ಮನ ಕೈಯಲ್ಲಿತ್ತು. ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನಬಹುದಿತ್ತು. ಅವನು ಗಂಟಲು ಸರಿಮಾಡಿಕೊಂಡು, “ಅದು ಸಮುದ್ರದ ಒಂದು ಕಲ್ಪನೆ. ಅಲೆ ಬಂದು ಹೋಗೋದನ್ನ ಸಿಂಥಸೈಜರ್‌ನಲ್ಲಿ...” ಎಂದು ಶುರುಮಾಡಿದ.

ಅವನ ಮಾತು ಮುಗಿಯಲಿಲ್ಲ. ದುಂಬಿ ಎದ್ದು ಅವನ ಕೈಯಿಂದ ಮೈಕು ಕಿತ್ತುಕೊಂಡಳು.

“ಸಮುದ್ರ ಅಲ್ಲ. ಅದು ನನ್ನ ಜೊತೆ ಇಸ್ತ್ರಿ ಮಾಡ್ತಿದ್ದ ಹೆಂಗಸಿನ ಎದೆ. ಆಸ್ಪತ್ರೆಯೋರ ಹೊದಿಕೆ ಬೆಳ್ಳಗೆ ಮಾಡೋಕೆ ಹೋಗಿ ಅವರ ಉಸಿರು ಹಾಗಾಯ್ತು. ಆಮೇಲೆ ಕೆಮ್ತಾರೆ ಅಂತ ಕೆಲಸದಿಂದ ತೆಗೆದ್ರು. ನನ್ನ ತಮ್ಮ ಅವರನ್ನ ನೋಡೇ ಇಲ್ಲ. ಸಮುದ್ರಾನೂ ನೋಡಿಲ್ಲ. ಈ ಆಲ್ಬಂನಲ್ಲಿ ಒಂದು ಸದ್ದೂ ಅವನದಲ್ಲ. ಹೆಚ್ಚುಕಡಿಮೆ ಇದ್ದದ್ದನ್ನ ಸಮ ಮಾಡಿಕೊಟ್ಟ, ಅದಕ್ಕೆ ಅವನಿಗೆ ಥ್ಯಾಂಕ್ಸ್. ಉಳಿದದ್ದು ನಂದು. ಇಷ್ಟು ಜನ ಓದಿರೋರು ಇದೀರಿ, ಅವನನ್ನ ಇಷ್ಟು ಪ್ರಶ್ನೆ ಕೇಳಿದ್ರಿ. ಇದನ್ನ ಮಾಡಿದ್ದು ಯಾರು ಅಂತ ಒಬ್ರಾದ್ರೂ ಕೇಳಿದ್ರಾ?”

ಯಾರೂ ಚಪ್ಪಾಳೆ ತಟ್ಟಲಿಲ್ಲ. ತಮ್ಮನ ಮುಖ ಸುಣ್ಣವಾಯಿತು. ವಿಮರ್ಶಕರು ಕನ್ನಡಕ ಒರೆಸತೊಡಗಿದರು. ಸಂಘಟಕರು ಚಹಾ ತಯಾರಿದೆ ಎಂದರು. ದುಂಬಿ ಚಹಾ ಕುಡಿಯದೆ ಇಳಿದು ಬಂದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ, ಹೇಳಬೇಕಾಗಿದ್ದ ಇನ್ನೂ ಖಾರವಾದ ಮಾತುಗಳು ಒಂದೊಂದಾಗಿ ನೆನಪಾದವು.

ಇಲ್ಲಿಗೆ ಎಲ್ಲರಿಗೂ ಬುದ್ಧಿ ಬಂತು ಎಂದರೆ ಸುಳ್ಳಾದೀತು. ವಿಮರ್ಶಕರು ತಮ್ಮ ಬರಹದ ಕೊನೆಗೆ ‘ರಚನೆಯಲ್ಲಿ ಸಹೋದರಿಯ ಪಾಲೂ ಇದೆಯೆಂದು ತಿಳಿದುಬಂದಿದೆ’ ಎಂಬ ಸಾಲು ಸೇರಿಸಿದರು. ಪಾಲು, ಅದೂ ‘ಪಾಲೂ’. ಕೇಳುಗರಲ್ಲಿ ಹಲವರು ಅವಳಿಗೆ ಸೊಕ್ಕು ಎಂದರು, ತುಂಬಿದ ಸಭೆಯಲ್ಲಿ ತಮ್ಮನ ಮಾನ ಕಳೆದಳು ಎಂದರು. ‘ಹಿಂಡು’ ಕೂಡ ಅವರಿಗೆ ಮತ್ತೆ ಮಿಕ್ಸಿಯಂತೆ ಕೇಳಿಸತೊಡಗಿತು. ಆ ಕಾಲೇಜು ಹುಡುಗಿ ಮಾತ್ರ ಚಿಕ್ಕಮ್ಮನ ಊರುಕೇರಿ ವಿಚಾರಿಸಿ ದುಂಬಿಗೆ ಬರೆದಳು. ದುಂಬಿ ಅವಳನ್ನು ಚಿಕ್ಕಮ್ಮನ ಮನೆಗೆ ಕರೆದುಕೊಂಡು ಹೋದಳು. ಚಿಕ್ಕಮ್ಮ ಹೆಡ್‌ಫೋನ್ ಹಾಕಿಕೊಂಡು ಅರ್ಧ ಕೇಳಿ, “ತೆಗಿ ಅತ್ಲಾಗೆ, ಇದೇನು ಹಾಡು ಅಂತಾರಾ? ನನ್ನ ಗಂಡನಾದ್ರೆ ಈ ಗೊರಗೊರಕ್ಕೆ ಆಚೆ ಹೋಗಿ ಮಲಗ್ತಿದ್ದ” ಅಂದರು. ಹೆಡ್‌ಫೋನ್ ವಾಪಸ್ ಕೊಡುತ್ತಾ ಕೇಳಿದರು, “ನಮ್ಮ ಮೇಸ್ತ್ರಿ ಕೇಳಿದ್ನಾ?”

“ಅವನಿಗೂ ಕೇಳಿಸ್ತೀನಿ” ಅಂದಳು ದುಂಬಿ. ಮರುದಿನ ಲಾಂಡ್ರಿಯಲ್ಲಿ ಊಟದ ಬಿಡುವಿಗೆ, ಡ್ರಮ್ಮುಗಳು ನಿಂತಿದ್ದಾಗ, ಮೂರನೇ ಹಾಡನ್ನು ಜೋರಾಗಿ ಹಾಕಿದಳು. ಮೇಸ್ತ್ರಿಗೆ ಯಾರ ಉಸಿರೆಂದು ತಿಳಿಯಲು ಹೊತ್ತು ಹಿಡಿಯಲಿಲ್ಲ. ಊಟದ ಡಬ್ಬಿ ಎತ್ತಿಕೊಂಡು ಹೊರಗೆ ಹೋಗಿ ತಿಂದ.

ಲ್ಯಾಪ್‌ಟಾಪನ್ನು ತಮ್ಮ ವಾಪಸ್ ತರಿಸಿಕೊಂಡ, ಮಾತು ಬಿಟ್ಟ. ದುಂಬಿ ಮೂರನೆಯ ಆಲ್ಬಮ್ಮನ್ನು ಫೋನಿನಲ್ಲೇ ಮಾಡಿದಳು. ಮುಖಪುಟದ ಮೇಲೆ ‘ಎಲ್ಲ ಸದ್ದೂ ದುಂಬಿಯದು’ ಎಂದು ದಪ್ಪ ಅಕ್ಷರದಲ್ಲಿ ಬರೆದಳು. ವಿಮರ್ಶಕರು ಅದರ ಬಗ್ಗೆ ಬರೆಯಲಿಲ್ಲ. ಕೇಳಿದವರು ಕಡಿಮೆ. ಆದರೆ ಕೇಳಿದವರು ಹೊಗಳಿದರೂ ತೆಗಳಿದರೂ ಅದು ನೇರ ಅವಳಿಗೇ ಬಂದು ತಾಗುತ್ತಿತ್ತು.

ಒಂದು ಭಾನುವಾರ ಊಟದ ಹೊತ್ತಿಗೆ ತಮ್ಮ ಬಂದು ಬಾಗಿಲಲ್ಲಿ ನಿಂತ.

“ಹೊಸದು ಕೇಳ್ದೆ. ಎರಡನೇದ್ರಲ್ಲಿ ಕೆಳಗಿನ ಸದ್ದು ಜಾಸ್ತಿ ಆಗಿದೆ.”

“ನನಗೆ ಅಷ್ಟೇ ಬೇಕಾಗಿತ್ತು.”

“ಹೂಂ. ಬೇಕು ಅಂತಲೇ ಮಾಡಿದ್ದು ಅಂತ ಗೊತ್ತಾಯ್ತು” ಎಂದ. ಅವಳು ತಟ್ಟೆ ಹಾಕಿದಳು.

ತಾಯಿ ಅಡುಗೆಮನೆಯಲ್ಲಿ ಅವಳ ಕಿವಿಯ ಹತ್ತಿರ ಬಂದು, “ಸದ್ಯ, ಎಲ್ಲ ಸರಿಹೋಯ್ತಲ್ಲ” ಎಂದು ಕಣ್ಣೊರೆಸಿಕೊಂಡರು.

“ಏನೂ ಸರಿಹೋಗಿಲ್ಲಮ್ಮ” ಅಂದಳು ದುಂಬಿ. “ಹಸಿದು ಬಂದಿದಾನೆ, ಊಟ ಹಾಕ್ತಿದೀನಿ, ಅಷ್ಟೆ.”